ಖಾಲಿ ಸಾಲೂ, ಭಾವನವರ ಮುನಿಸೂ

ಉಲ್ಲಾಳದಲ್ಲಿ ನಾವು ಕಟ್ಟಿಸಿದ ಮನೆಯ ಗೃಹಪ್ರವೇಶಕ್ಕೆ ಕರೆಯಬೇಕಾದವರ ಪಟ್ಟಿಯನ್ನು ನನ್ನ ಹೆಂಡತಿ ಸುಮಾ ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡಿಟ್ಟಿದ್ದಳು. ಆ ಪಟ್ಟಿ ಓದಿ, ಕಾರ್ಡಿನ ಮೇಲೆ ಅಂಟಿಸುವ ಹೆಸರಿನ ಚೀಟಿ ಮುದ್ರಿಸುವ ಪ್ರೋಗ್ರಾಮನ್ನು ಸಿ ಭಾಷೆಯಲ್ಲಿ ನಾನೇ ಬರೆಯುವುದಾಗಿ ಘೋಷಿಸಿದೆ.

"ಕೈಯಲ್ಲೇ ಬರೆದ್ರೆ ಮಧ್ಯಾಹ್ನದೊಳಗೆ ಮುಗಿಯುತ್ತೆ ಕಣ್ರೀ."

"ಹದಿನೆಂಟು ವರ್ಷದಿಂದ ಇದೇ ಕೆಲ್ಸ ಮಾಡ್ತಿದೀನಿ. ನಂಗೇ ಹೇಳಿಕೊಡ್ತೀಯಾ?"

ಐದು ಹೆಸರು ಕೊಟ್ಟು ನೋಡಿದೆ, ಸಲೀಸಾಗಿ ಬಂತು. ಸುಮಾಳ ಪೂರ್ತಿ ಪಟ್ಟಿ ಕೊಟ್ಟೆ. ಪ್ರೋಗ್ರಾಂ ಮಕಾಡೆ ಮಲಗಿತು! ಮೆಮೊರಿ ತಪ್ಪು ಹಿಡಿಯುವ ಟೂಲ್ ಹಚ್ಚಿದರೆ, ಖಾಲಿ ಸಾಲು ಬಂದಾಗಲೆಲ್ಲ ನಾನು ಮೆಮೊರಿಯಲ್ಲಿ ನನಗೆ ಕೊಟ್ಟ ಜಾಗ ದಾಟಿ ಒಂದು ಬೈಟ್ ಹಿಂದಕ್ಕೆ ಹೋಗಿ ಓದುತ್ತಿದ್ದೇನಂತೆ. ಪಕ್ಕದವರ ಸೈಟಿನಲ್ಲಿ ಒಂದಡಿ ಒತ್ತುವರಿ! ಏನೂ ಇಲ್ಲದ ಸಾಲಿನಲ್ಲಿ ನಾನು ಓದುತ್ತಿರುವುದಾದರೂ ಏನು? ತಲೆಬುಡ ಅರ್ಥವಾಗಲಿಲ್ಲ.

"ಮಧ್ಯೆ ಮಧ್ಯೆ ಯಾಕೇ ಸಾಲು ಖಾಲಿ ಬಿಟ್ಟಿದೀಯಾ?"

"ಮರ್ತಿರೋರು ನೆನಪಾದ್ರೆ ಸೇರ್ಸೋಕೆ ಜಾಗ ಬೇಡ್ವಾ? ನಮ್ಮಮ್ಮನೂ ಹಂಗೇ ಬಿಡೋರು."

ಸಂಜೆಯವರೆಗೂ ತಲೆ ಕೆರೆದುಕೊಂಡು, ಖಾಲಿ ಸಾಲು ಕಂಡೊಡನೆ ಏನನ್ನೂ ಮುಟ್ಟದೆ ಹಿಂದಿರುಗತಕ್ಕದ್ದು ಎಂದು ಪ್ರೋಗ್ರಾಮಿಗೆ ಕಟ್ಟಪ್ಪಣೆ ವಿಧಿಸಿದೆ. ಒಂದು ಖಾಲಿ ಸಾಲು, ಸಾವಿರ ಖಾಲಿ ಸಾಲು, ಬರೀ ಖಾಲಿ ಸಾಲುಗಳದೇ ಒಂದು ಫೈಲು, ಎಲ್ಲ ಕೊಟ್ಟು ಪರೀಕ್ಷಿಸಿದೆ. ತಪ್ಪು ಸೊನ್ನೆ!

"ಸುಮಾ, ಬಾರೇ ಇಲ್ಲಿ, ನೋಡೇ!"

"ಏನ್ರೀ ನೋಡ್ಲಿ? ಏನೂ ಇಲ್ವಲ್ಲಾ!"

"ಅದೇ ಕಣೇ ಸಾಧನೆ!"

ಚೀಟಿ ಅಂಟಿಸಿ ಕಾರ್ಡುಗಳನ್ನು ನಾನೇ ಕಳಿಸಿದೆ. ಅರ್ಧಕ್ಕರ್ಧ ಉಳಿದವು. ಜಾಸ್ತಿ ಮಾಡಿಸಿದ್ದಕ್ಕೆ ಅವಳನ್ನೇ ಬೈದೆ.

ನಾಲ್ಕನೇ ದಿನ ಬಾಪೂಜಿ ನಗರದಿಂದ ಸುಮಾಳ ಅಣ್ಣ ಫೋನ್ ಮಾಡಿದರು. "ನಿನ್ ಗಂಡನ ಕಡೆಯೋರ್ಗೆಲ್ಲ ಕಾರ್ಡು, ನಮ್ಗೆ ಬರೀ ಫೋನಾ? ನಾವು ಬರಲ್ಲ ಬಿಡಮ್ಮ."

ಪಟ್ಟಿ ತೆಗೆದು ನೋಡಿದೆ. ನನ್ನ ಅಪ್ಪಣೆಯನ್ನು ಶಿರಸಾವಹಿಸಿದ ಪ್ರೋಗ್ರಾಂ, ಮೊದಲನೇ ಖಾಲಿ ಸಾಲು ಕಂಡ ಕೂಡಲೇ ಓದುವುದನ್ನೇ ನಿಲ್ಲಿಸಿ ಮನೆಗೆ ಹೋಗಿತ್ತು! ಆ ಸಾಲಿನ ಮೇಲಿದ್ದವರು ನನ್ನವರು. ಕೆಳಗಿದ್ದದ್ದು ಸುಮಾಳ ಇಡೀ ತವರು!

"ನಮ್ಮಣ್ಣ ಬರದೆ ನಾನು ಹಾಲು ಉಕ್ಸಲ್ಲ," ಎಂದು ಸುಮಾ ಅತ್ತೇಬಿಟ್ಟಳು.

ಕಾರ್ಡು, ಹಣ್ಣು, ಹೂವು ಹಿಡಿದು ಇಬ್ಬರೂ ಬಾಪೂಜಿ ನಗರಕ್ಕೆ ಓಡಿದೆವು. ನಾನು ಭಾವನವರನ್ನು ಕೂರಿಸಿಕೊಂಡು ಖಾಲಿ ಸಾಲು, ಒಂದು ಬೈಟು, ಒತ್ತುವರಿ, ಎಲ್ಲವನ್ನೂ ಅರ್ಧ ಗಂಟೆ ವಿವರಿಸಿದೆ. ಅವರು ನನ್ನ ಮುಖವನ್ನೇ ದಿಟ್ಟಿಸಿ, ಮೆಲ್ಲಗೆ ತಂಗಿಯ ಕಡೆ ತಿರುಗಿದರು.

"ಸುಮಾ, ನಿನ್ ಯಜಮಾನ್ರಿಗೆ ಹುಷಾರಿಲ್ವೇನಮ್ಮಾ?"

"ಹೂಂ ಅಣ್ಣಾ," ಎಂದಳು ನನ್ನ ಧರ್ಮಪತ್ನಿ, ಕ್ಷಣವೂ ತಡಮಾಡದೆ. "ಒಂದ್ ವಾರದಿಂದ ಹಿಂಗೇ."

ಭಾವ ಕರಗಿಹೋದರು. ಗೃಹಪ್ರವೇಶಕ್ಕೆ ತವರಿನವರನ್ನೆಲ್ಲ ಕಟ್ಟಿಕೊಂಡು ಬಂದರು. ಹಾಲು ಸೊಗಸಾಗಿ ಉಕ್ಕಿತು. ಬಂದವರೆಲ್ಲ ಮನೆ ನೋಡಿ, ಊಟ ಮಾಡಿ, ಹೊರಡುವಾಗ ಒಬ್ಬೊಬ್ಬರಾಗಿ ನನ್ನ ಹಣೆ ಮುಟ್ಟಿ ನೋಡಿ ಹೋದರು.