ಅಡುಗೆಮನೆ ಇಲ್ಲಿ, ಊಟ ಪಕ್ಕದ ವಾರ್ಡಿನಲ್ಲಿ

ಮುಂಬೈಯಲ್ಲಿ ನಾನು ವಾರ್ಡ್ ಆಫೀಸಿನ ಸರ್ವೇಯರ್. ನಕ್ಷೆಯ ಮೇಲಿರುವಾಗ ವಾರ್ಡಿನ ಗಡಿ ಬರೀ ಒಂದು ಗೆರೆ. ಅದೇ ಗೆರೆ ಸಯನ್‌ಗೋ ಆಂಟಾಪ್ ಹಿಲ್‌ಗೋ ಇಳಿದರೆ ಯಾರದೋ ಬಾತ್‌ರೂಮಿನೊಳಗೆ ಹೋಗಿ ನಿಂತಿರುತ್ತದೆ. ಹಾಗಾಗಿ ನನ್ನ ನೌಕರಿಯಲ್ಲಿ ನಗುವಿಗೆ ಬರವಿಲ್ಲ.

೧. ಸಾಂಬಾರಿನ ಪ್ರಯಾಣ

ಸಯನ್ ಕಡೆ ಉಡುಪಿಯವರದೊಂದು ಹೋಟೆಲು. ಅಳೆದು ನೋಡಿದರೆ ಅಡುಗೆಮನೆ ನಮ್ಮ ವಾರ್ಡಿನಲ್ಲಿ, ಮೇಜು-ಕುರ್ಚಿಯೆಲ್ಲ ಪಕ್ಕದ ವಾರ್ಡಿನಲ್ಲಿ! ಮಾಲೀಕರು ತಲೆ ಮೇಲೆ ಕೈಹೊತ್ತರು.

“ಎಂಥ ಮಾರಾಯ್ರೆ ಇದು! ಇನ್ನು ಲೈಸೆನ್ಸಿಗೆ ಯಾವ ಆಫೀಸಿಗೆ ಹೋಗುವುದು?”

ಅಷ್ಟರಲ್ಲಿ ಗಿರಾಕಿಯೊಬ್ಬರು “ಸಾಂಬಾರ್ ಎಲ್ಲಿ?” ಎಂದು ಕೂಗಿದರು. ನಮ್ಮ ಮಾತು ಕೇಳಿಸಿಕೊಂಡಿದ್ದ ವೇಟರ್ ಹೇಳಿದ: “ಬರ್ತದೆ ಸಾರ್. ಪಕ್ಕದ ವಾರ್ಡಿನಿಂದ ಬರ್ಬೇಕಲ್ಲ!”

೨. ಮತಯಾಚನೆ

ಚುನಾವಣೆಗೆ ಮುಂಚೆ ಗಡಿ ಬದಲಾಗಿ ಒಂದು ಬಿಲ್ಡಿಂಗಿನ ಬಿ ವಿಂಗ್ ಬೇರೆ ವಾರ್ಡಿಗೆ ಸೇರಿತು. ಅದು ಗೊತ್ತಿಲ್ಲದ ಉಮೇದುವಾರರೊಬ್ಬರು ಬಿ ವಿಂಗಿನ ಪ್ರತಿ ಬಾಗಿಲಿಗೂ ಕೈಮುಗಿಯುತ್ತ ಮೇಲಿನ ಮಹಡಿ ಮುಟ್ಟಿದರು. ಅಲ್ಲಿದ್ದ ಹಿರಿಯರು ನೀರು ಕೊಟ್ಟು, “ನಮ್ಮ ವೋಟು ನಿಮ್ಮ ವಾರ್ಡಿನದಲ್ಲ” ಎಂದರು.

“ಕೆಳಗೇ ಯಾರಾದರೂ ಹೇಳಬಾರದಿತ್ತೇ?”

“ಹೇಳಬಹುದಿತ್ತು. ಲಿಫ್ಟ್ ಕೆಟ್ಟು ಬಹಳ ದಿನವಾಯ್ತು. ನಿಮ್ಮಂಥವರು ಒಮ್ಮೆ ಹತ್ತಿ ನೋಡಲಿ ಅಂತ ಎಲ್ಲರೂ ಸುಮ್ಮನಿದ್ದರು.”

೩. ಯಾರದೀ ತೋಟ?

ಎರಡು ವಾರ್ಡುಗಳ ನಡುವೆ ಒಂದು ತುಂಡು ಜಾಗ. ನಮ್ಮದಲ್ಲವೆಂದು ನಮ್ಮ ಆಫೀಸು, ತಮ್ಮದಲ್ಲವೆಂದು ಅವರ ಆಫೀಸು. ಕಸ ಎತ್ತುವವರೇ ಇಲ್ಲ. ಕಟ್ಟಡ ಕೆಲಸಕ್ಕೆಂದು ವಿಜಯಪುರದಿಂದ ಬಂದು ಪಕ್ಕದ ಚಾಳಿನಲ್ಲಿ ನೆಲೆಸಿದ್ದ ಅಜ್ಜಿಯೊಬ್ಬರು ರೋಸಿಹೋಗಿ, ಚಾಳಿನ ಹೆಂಗಸರನ್ನು ಸೇರಿಸಿಕೊಂಡು ಕಸ ತೆಗೆದು ಗಿಡ ನೆಟ್ಟರು. ದಾಸವಾಳ ಅರಳಿದ್ದೇ ತಡ, ಜಾಗ ತಮ್ಮದೆಂದು ಎರಡೂ ಕಡೆಯವರಿಗೆ ನೆನಪಾಯಿತು!

ಒಂದೇ ಬೆಳಿಗ್ಗೆ ಇಬ್ಬರು ಸಾಹೇಬರು ಎರಡು ಕಡೆಯಿಂದ ಉದ್ಘಾಟನೆಗೆ ರಿಬ್ಬನ್ ಹಿಡಿದು ಬಂದರು. ಮಾತಿಗೆ ಮಾತು ಬೆಳೆಯಿತು. ಜಗಳ ಬಲಿತರೆ ತೋಟಕ್ಕೇ ಬೀಗ ಬೀಳುತ್ತದೆಂದು, ನಮ್ಮ ಸಾಹೇಬರ ಜತೆ ನಕ್ಷೆ ಹಿಡಿದು ಬಂದಿದ್ದ ನಾನು ನಡುವೆ ಹೋಗಿ ನಿಂತೆ. ಗಿಡಗಳಿಗೆ ನೀರು ಹಾಯಿಸುತ್ತಿದ್ದ ಅಜ್ಜಿಗೆ ಹಿಂದಿ ಬಾರದು; ಕನ್ನಡದವನೆಂದು ನನ್ನನ್ನು ಕರೆದರು.

“ಏನಂತಾರ್ರೀ ಇವ್ರು?”

“ತೋಟ ನಮ್ಮದು ಅಂತ ಇಬ್ಬರೂ ಹೇಳ್ತಿದ್ದಾರೆ, ಅಜ್ಜಿ.”

“ಛಲೋ ಆತು ಬಿಡ್ರಿ! ಪೈಪ್ ಹಿಡೀರಿ ಅನ್ರಿ. ಅರ್ಧಾ ಗಿಡಕ್ಕ ಇವ್ರು ನೀರ ಹಾಕ್ಲಿ, ಅರ್ಧಕ್ಕ ಅವ್ರು. ನಾ ಒಂದೀಟು ಕುಂತು ಚಾ ಕುಡೀತೀನಿ.”

ಕೊಂಚ ಬೆಣ್ಣೆ ಹಚ್ಚಿ ಹಿಂದಿಯಲ್ಲಿ ಹೇಳಿದೆ. ಚಾಳಿನವರೆಲ್ಲ ನೋಡುತ್ತಿದ್ದರು; ಸಾಹೇಬರಿಗೆ ಬೇರೆ ದಾರಿಯಿರಲಿಲ್ಲ. ನೀರು ಹಾಕುತ್ತ ಹಾಕುತ್ತ ಇಬ್ಬರಿಗೂ ನಗು ಬಂತು. ತೋಟ ತೋಟವಾಗಿಯೇ ಇರಲಿ, ಎರಡೂ ನಕ್ಷೆಯಲ್ಲಿ ಹಸಿರು ಬಳಿಯೋಣವೆಂದು ಅಲ್ಲೇ ರಾಜಿಯಾದರು. ಒದ್ದೆ ಬೂಟಿನಲ್ಲಿ ನಿಂತು ಒಬ್ಬರು, “ಇಷ್ಟು ಸಾಕಾ, ಅಜ್ಜಿಯನ್ನು ಕೇಳಿ” ಎಂದು ನನಗೆ ಹೇಳಿದರು.

ಅಜ್ಜಿ ಸುತ್ತ ಕಣ್ಣಾಡಿಸಿ ಹೇಳಿದರು: “ಇವತ್ತಿಗ ಸಾಕು. ನಾಳಿ ಲಗೂನ ಬರಾಕ ಹೇಳ್ರಿ. ಸಗಣಿ ಗೊಬ್ಬರಾ ಹಾಕೋದೈತಿ!”