ತಮ್ಮ ಪಡಸಾಲೆಯಲ್ಲಿ ಸಿಕ್ಕಿಕೊಂಡಿರುವ ನಮ್ಮ ಓಣಿಯ ಕಿಟಕಿ

ರಾಯಚೂರು, ಕಾರ ಹುಣ್ಣಿಮೆಯ ಹಿಂದಿನ ವಾರ, ೧೯೪೪

ಮೂರು ಊರಿನ ಗೋಡೆಗಳ ಹಣೆಬರಹ ಬರೆಯುವ, ಕಟ್ಟಡ ಪರವಾನಗಿಯ ಇನ್ಸ್‌ಪೆಕ್ಟರ್ ಸಾಹೇಬರ ಸನ್ನಿಧಾನಕ್ಕೆ,

ಮಾನ್ಯರೇ,

ರಾಯಚೂರು, ಮಾನ್ವಿ, ದೇವದುರ್ಗಗಳಲ್ಲಿ ತಮ್ಮ ಟಾಂಗಾದ ಗೆಜ್ಜೆ ಕೇಳಿಸಿದೊಡನೆ ಓರೆಯಾದ ಗೋಡೆಗಳೂ ಹೊಟ್ಟೆ ಒಳಗೆಳೆದುಕೊಂಡು ನೆಟ್ಟಗೆ ನಿಲ್ಲುತ್ತವೆಂಬುದು ಎಲ್ಲರೂ ಬಲ್ಲ ಸಂಗತಿ. ಅಂಥ ತಮಗೆ, ಕೋಟೆಯ ಬೆನ್ನಿಗಿರುವ ಸುಣ್ಣದ ಭಟ್ಟಿ ಓಣಿಯ ಸಮಸ್ತರ ಪರವಾಗಿ, ಪಕ್ಕದ ಓಣಿಯವನಾದ ನಾನು, ಓದು ಬರಹ ಬಲ್ಲವನೆಂಬ ಒಂದೇ ತಪ್ಪಿಗೆ ಈ ಕೆಲಸಕ್ಕೆ ಸಿಕ್ಕಿಬಿದ್ದು, ತಲೆಬಾಗಿ ಮಾಡಿಕೊಳ್ಳುವ ಬಿನ್ನಹ ಏನೆಂದರೆ: ನಮ್ಮ ಕಿಟಕಿ ತಮ್ಮ ಬಳಿ ಇದೆ, ದಯಮಾಡಿ ಕೊಡಬೇಕು.

ಇಷ್ಟಕ್ಕೇ ಸಹಿ ಹಾಕಿದ್ದರೆ ಕಾಗದವೂ ಉಳಿಯುತ್ತಿತ್ತು. ಆದರೆ ಒಂದೇ ಸಲ ಓದಿದರೆ ಅರ್ಥವಾಗುವ ಅರ್ಜಿಯನ್ನು ತಮ್ಮ ಕಚೇರಿ ಅರ್ಜಿಯೆಂದು ಒಪ್ಪುವುದಿಲ್ಲವಾದ್ದರಿಂದ ವಿಸ್ತರಿಸುತ್ತೇನೆ.

ಮೊದಲು ತಮ್ಮ ಗುಣಗಾನ. ತಾವು ಲಂಚ ಮುಟ್ಟುವವರಲ್ಲ. ಇದನ್ನು ಹೊಗಳಿಕೆಯೆಂದು ಹೇಳುತ್ತಿಲ್ಲ, ದುಃಖದಿಂದ ಹೇಳುತ್ತಿದ್ದೇನೆ. ತಮಗಿಂತ ಹಿಂದಿದ್ದವರು ಒಂದು ಕೋಳಿಗೆ ಕರಗುತ್ತಿದ್ದರು. ಕೋಳಿ ತಿನ್ನಲು ಒಳಗೆ ಬರುತ್ತಿದ್ದರು. ಒಳಗೆ ಬಂದವರು ನಾಚಿಕೆಗಾದರೂ ಮನೆಯನ್ನು ಅಷ್ಟಿಷ್ಟು ನೋಡುತ್ತಿದ್ದರು. ತಾವೋ ಕುಡಿಯುವ ನೀರನ್ನೂ ಮುಟ್ಟುವುದಿಲ್ಲ, ಆದ್ದರಿಂದ ಹೊಸ್ತಿಲನ್ನೂ ಮುಟ್ಟುವುದಿಲ್ಲ. ಬೀದಿಯ ಆಚೆ ಬದಿಗೆ ಕೊಡೆಯ ಕೆಳಗೆ ನಿಂತು, ಕಟ್ಟಳೆಯ ಪುಸ್ತಕವನ್ನು ಮುಖಕ್ಕೆ ಹಿಡಿದು ತಾವು ಒಂದೊಂದೇ ಕಲಮು ಓದುವುದು. ಈಚೆ ಬದಿಗೆ ನಿಂತ ತಮ್ಮ ಚಪರಾಸಿ ಸೈಫುದ್ದೀನ್ ಗೋಡೆ ನೋಡಿ ‘ಅದ ಸಾಬ್’ ಎನ್ನುವುದು. ನಡುವೆ ಒಮ್ಮೆ ಮಾತ್ರ ತಾವು ಪುಸ್ತಕದ ಅಂಚಿನಿಂದ ಕಣ್ಣು ಹಾಯಿಸುವುದು. ಕಟ್ಟಡಕ್ಕಿಂತ ಕಟ್ಟಳೆಯನ್ನೇ ಹೆಚ್ಚು ನೋಡುವ ಇಂಥ ಕಟ್ಟುನಿಟ್ಟನ್ನು ನಾನು ಹೈದರಾಬಾದಿನಲ್ಲಿ ಕಾಲೇಜು ಓದುವಾಗಲೂ ಕಂಡಿರಲಿಲ್ಲ. ಅಲ್ಲಿನ ಪರೀಕ್ಷಕರು ಉತ್ತರ ಪತ್ರಿಕೆಯನ್ನು ತೆರೆದಾದರೂ ನೋಡುತ್ತಿದ್ದರು.

ಆ ಪುಸ್ತಕದಲ್ಲಿ ಒಂದು ಕಲಮು ಇದೆ: ಪ್ರತಿ ಮನೆಗೂ ಬೀದಿಯ ಕಡೆಗೆ ಕಬ್ಬಿಣದ ಸರಳುಳ್ಳ ಕಿಟಕಿಯೊಂದು ಇರತಕ್ಕದ್ದು. ಬಹಳ ಒಳ್ಳೆಯ ಕಲಮು. ಬರೆದವರು ಗಾಳಿಯ ಹಿತೈಷಿಗಳಿರಬೇಕು. ಆದರೆ ಯುದ್ಧ ಶುರುವಾದಂದಿನಿಂದ ಕಬ್ಬಿಣಕ್ಕೆ ಕಂಟ್ರೋಲು ಬಂದು ಒಂದು ಹಿಡಿ ಮೊಳೆಗೂ ಚೀಟಿ ಬೇಕಾಗಿದೆ. ಲೋಕದ ಕಬ್ಬಿಣವೆಲ್ಲ ಆಕಾಶಕ್ಕೆ ಹಾರಿ ಬೇರೆಯವರ ಮನೆಗಳ ಮೇಲೆ ಬೀಳುತ್ತಿರುವಾಗ ಸುಣ್ಣದ ಭಟ್ಟಿಯವರು ಸರಳು ಎಲ್ಲಿಂದ ತರಬೇಕು? ಕಟ್ಟಿಗೆಯ ಸರಳು ನಡೆದೀತೇ ಎಂದು ತಮ್ಮನ್ನು ಕೇಳಲಾಗಿ, ಪುಸ್ತಕದಲ್ಲಿ ಕಟ್ಟಿಗೆ ಇಲ್ಲ ಎಂದಿರಿ. ಸರಳವಾದ ಉತ್ತರ.

ಆಗ ನಮ್ಮ ಕೈಹಿಡಿದದ್ದು ನನ್ನ ಸೋದರತ್ತೆ ಸತ್ಯಭಾಮಾಬಾಯಿಯವರ ಎಮ್ಮೆಯ ಕೊಟ್ಟಿಗೆ. ಅದರ ಗೋಡೆ ಕುಸಿದಾಗ ಹಳೆಯ ಕಾಲದ ಕಿಟಕಿಯೊಂದು ಉಳಿದಿತ್ತು: ಹಸಿರು ಬಣ್ಣದ ಚೌಕಟ್ಟು, ಐದು ಸರಳು, ಅಂಚಿನದು ಕರು ತಲೆ ತೂರಿಸಿ ಬಾಗಿದ್ದು, ನಡುವಿನದು ಕನ್ನಡಿಯಂತೆ ಹೊಳೆಯುವಂಥದ್ದು. ಓಣಿಯ ಗೌಂಡಿ ಗದ್ದೆಪ್ಪ ಅದನ್ನು ಕೇಳಿ ತಂದ. ಯಾರ ಮನೆ ತಮ್ಮ ಪರೀಕ್ಷೆಗಿದೆಯೋ ಅವರ ಗೋಡೆಯಲ್ಲಿ ಅದರ ಅಳತೆಗೆ ಸರಿಯಾಗಿ ತೆರಪು ಬಿಡುವುದು, ಕಿಟಕಿಯನ್ನು ಕೂಡಿಸಿ ಒಳಗಿನಿಂದ ಬೆಣೆ ಬಡಿದು ಮೇಲೆ ಮಣ್ಣು ಮೆತ್ತುವುದು, ತಾವು ಪಾಸು ಮಾಡಿ ಟಾಂಗಾ ಹತ್ತಿದ ಮೇಲೆ ಬೆಣೆ ಕಿತ್ತು ಕಿಟಕಿಯನ್ನು ಮುಂದಿನ ಮನೆಗೆ ಕಳಿಸುವುದು. ಉಳಿದ ತೆರಪಿನಲ್ಲಿ ಗಾಳಿ ಎಂದಿನಂತೆ ಓಡಾಡಿಕೊಂಡಿರುತ್ತಿತ್ತು. ಸರಳು ಎಲ್ಲಿ ಹೋದವೆಂದು ಅದು ಒಂದು ದಿನವೂ ಕೇಳಲಿಲ್ಲ.

ಹೀಗೆ ಒಂದೇ ಕಿಟಕಿ ಇಡೀ ಓಣಿಯನ್ನು ಪಾಸು ಮಾಡಿಸಿತು. ಸುದ್ದಿ ಬೀಗರಿಂದ ಬೀಗರಿಗೆ ಹರಡಿ ದೇವದುರ್ಗದ ಉಮ್ಮೇ ಕುಲ್ಸುಮ್ ಅವರ ಮನೆಗೂ ಅದು ಹೋಗಿ ಬಂತು, ಮಾನ್ವಿಗೆ ಹೋಗಿ ಬಂದದ್ದಕ್ಕೆ ಲೆಕ್ಕವೇ ಇಲ್ಲ. ಪೆಟ್ರೋಲು ಸಿಗದೆ ಇದ್ದಲಿ ಗ್ಯಾಸಿನಿಂದ ಓಡುವ ಬಸ್ಸಿನ ಮಾಳಿಗೆಯ ಮೇಲೆ ಅದಕ್ಕೊಂದು ಕಾಯಂ ಜಾಗವಿತ್ತು. ಕಲ್ಲೂರಿನಲ್ಲಿ ಇದ್ದಲಿ ತುಂಬುವಾಗ ಕಂಡಕ್ಟರನೇ ಅದನ್ನು ಬೆಂಕಿಯ ಕಡೆಯಿಂದ ಸರಿಸಿಡುತ್ತಿದ್ದ. ಒಮ್ಮೆ ತಾವೂ ಅದೇ ಬಸ್ಸಿನಲ್ಲಿ ಮಾನ್ವಿಗೆ ತಪಾಸಣೆಯ ದೌರಾ ಹೊರಟಿದ್ದಿರಿ. ತಾವು ಮುಂದಿನ ಸೀಟಿನಲ್ಲಿ, ಕಿಟಕಿ ತಮ್ಮ ತಲೆಯ ಮೇಲೆ. ಪರೀಕ್ಷಿಸುವವರೂ ಪರೀಕ್ಷೆಗೆ ಒಳಗಾಗುವುದೂ ಕೂಡಿಯೇ ಪ್ರಯಾಣ ಮಾಡಿ, ಒಂದೇ ಧೂಳು ಕುಡಿದು, ಒಂದೇ ಮನೆಯ ಮುಂದೆ ಇಳಿದು, ಪರಸ್ಪರ ಗುರುತು ಹಿಡಿಯದೆ ಕೆಲಸ ಮುಗಿಸಿ ಬಂದದ್ದನ್ನು ನೆನೆದರೆ ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ಕಿಟಕಿಗಾದರೆ ಕಣ್ಣಿಲ್ಲ.

ತಮಗೆ ಅನುಮಾನ ಬರಲಿಲ್ಲವೆಂದರೆ ಅನ್ಯಾಯವಾದೀತು. ಪರವಾನಗಿಯ ಕಾಗದದ ಮೇಲೆ ತಾವು ಒಮ್ಮೆ ಬರೆದದ್ದುಂಟು: ಈ ಓಣಿಯ ಬಡಜನರಲ್ಲಿ ಕಿಟಕಿಗಳ ವಿಷಯದಲ್ಲಿ ಅಭಿರುಚಿಯ ಏಕತೆ ಕಂಡುಬರುತ್ತದೆ, ಹಳೆಯ ಕುಶಲಕರ್ಮಿಗಳ ಕೈಯ ಹೊಳಪು ವಿಶೇಷವಾಗಿ ನಡುವಿನ ಸರಳಿನಲ್ಲಿ ಎದ್ದು ಕಾಣುತ್ತದೆ. ಇದನ್ನು ನಾನು ಅತ್ತೆಯವರಿಗೆ ಓದಿ ಹೇಳಿದೆ. ಅವರು ಮಜ್ಜಿಗೆ ಕಡೆಯುವುದನ್ನು ನಿಲ್ಲಿಸಿ, “ಅಲ್ಲೋ ಪ್ರಾಣೇಶ, ಅದು ನಮ್ಮ ಎಮ್ಮಿ ಕುತ್ತಿಗಿ ತಿಕ್ಕಿ ತಿಕ್ಕಿ ಬಂದ ಹೊಳಪೋ. ಸಾಹೇಬರು ಹೊಗಳ್ಯಾರಂತ ಎಮ್ಮಿಗಿ ಮುಟ್ಟಸಬೇಕಲ್ಲೋ” ಎಂದರು. ಮುಟ್ಟಿಸಿದ್ದೇವೆ. ತಮ್ಮ ಹೊಗಳಿಕೆಯನ್ನು ಅದು ಮೆಲುಕು ಹಾಕುತ್ತಿದೆ.

ಇಲ್ಲಿಯವರೆಗೆ ನಮಗೂ ತಮಗೂ ಸುಖವಾಗಿಯೇ ಇತ್ತು. ಆಮೇಲೆ ತಾವು ಸ್ವಂತ ಮನೆ ಕಟ್ಟಿಸಲು ಹೊರಟಿರಿ. ಕಟ್ಟಳೆಯೆಂದರೆ ಕಟ್ಟಳೆ, ತಮ್ಮ ಮನೆಗೂ ಕಿಟಕಿ ಬೇಕು. ಕಂಟ್ರೋಲೆಂದರೆ ಕಂಟ್ರೋಲು, ತಮಗೂ ಕಬ್ಬಿಣ ಇಲ್ಲ. ಆಗ ತಾವು ಸೈಫುದ್ದೀನನನ್ನು ಕರೆದು, ಸುಣ್ಣದ ಭಟ್ಟಿಯಲ್ಲಿ ಮನೆಮನೆಗೂ ಇದೆಯಲ್ಲ, ಅಂಥದ್ದೊಂದು ನಮೂನೆಗೆ ತೆಗೆದುಕೊಂಡು ಬಾ ಎಂದು ಅಪ್ಪಣೆ ಕೊಡಿಸಿದಿರಿ. ಅವನು ಬಂದು ಓಣಿಯ ಕಟ್ಟೆಯ ಮೇಲೆ ಟೋಪಿ ತೆಗೆದು ಕುಳಿತ. ಗದ್ದೆಪ್ಪನಿಗೆ, “ಅಂಥಾದ್ದೊಂದು ತಾ ಅಂದಾರ ಸಾಬ್. ಅಂಥಾದ್ದು ಅಂದ್ರ ಇದೊಂದ ಅದಲ್ಲೋ ಭಾಯಿ, ನಾ ಎಲ್ಲಿಂದ ತರ್ಲಿ?” ಎಂದ. ನೌಕರಿಯವನ ಹೊಟ್ಟೆಯ ಮೇಲೆ ಹೊಡೆಯುವುದು ಬೇಡವೆಂದು ಓಣಿಯವರು ಕಿಟಕಿಯನ್ನು ಕೊಟ್ಟರು. ನಮೂನೆ ನೋಡಿ ಎಂಟು ದಿನದಲ್ಲಿ ಕಳಿಸುತ್ತೀರೆಂಬ ನಂಬಿಕೆ. ತಾವು ನಮೂನೆಯನ್ನೇ ಮೆಚ್ಚಿ, ಅದೇ ಗದ್ದೆಪ್ಪನನ್ನು ಕರೆಸಿ, ತಮ್ಮ ಪಡಸಾಲೆಯ ಬೀದಿಗೋಡೆಗೆ ಅದನ್ನೇ ಕೂಡಿಸಿದಿರಿ. ಈಗ ಊರಿನ ದೊಡ್ಡವರೆಲ್ಲ ಅದರ ಪಕ್ಕದಲ್ಲಿ ಕುಳಿತು ಗಾಳಿ ಸೇವಿಸುತ್ತಾರಂತೆ. ಎಮ್ಮೆ ಬಿಟ್ಟ ಜಾಗವನ್ನು ತುಂಬಲು ಯಾರಾದರೂ ಬೇಕಿತ್ತು.

ನಮ್ಮ ದೂರು ಇದಲ್ಲ. ದೂರು ಸೂಗಮ್ಮನದು. ಈ ಸೂಗಮ್ಮ ಯಾರೆಂದು ತಮಗೆ ಗೊತ್ತಿರಲಾರದು. ತಮ್ಮ ಮನೆಯ ಪಾಯಕ್ಕೆ ಕಲ್ಲು ಹೊತ್ತವಳು. ಹದಿನೆಂಟರ ವಯಸ್ಸಿನಿಂದ ಬೇರೆಯವರ ಮನೆಗೆ ಮಣ್ಣು ಹೊತ್ತು, ಉಳಿಸಿದ್ದರಲ್ಲಿ ಎರಡು ಅಂಕಣದ ಮನೆಯೊಂದನ್ನು ತನಗಾಗಿ ಕಟ್ಟಿಕೊಂಡಿದ್ದಾಳೆ. ಗಂಡನಿಲ್ಲ. ಮಗಳು ಶೇಖಮ್ಮ ತುಂಬಿದ ಬಸುರಿಯಾಗಿ ಕವಿತಾಳದಿಂದ ಬಂದಿದ್ದಾಳೆ. ಹೆರಿಗೆ ಸ್ವಂತ ಮಾಳಿಗೆಯ ಕೆಳಗೆ ಆಗಬೇಕೆಂಬುದು ತಾಯಿಯ ಹಟ. ಹೋದ ತಿಂಗಳು ತಾವು ಪರೀಕ್ಷೆಗೆ ಬಂದಿರಿ. ಗೋಡೆಯಲ್ಲಿ ತೆರಪು ಸಿದ್ಧವಿತ್ತು, ಕಿಟಕಿ ತಮ್ಮ ಪಡಸಾಲೆಯಲ್ಲಿತ್ತು. ಸೈಫುದ್ದೀನನಿಗೆ ಜೀವಮಾನದಲ್ಲಿ ಮೊದಲ ಸಲ ‘ಅದ’ ಎನ್ನಲು ಬಾಯಿ ಬರಲಿಲ್ಲ. ತಾವು ಪುಸ್ತಕ ಇಳಿಸಿ, ಕೊಡೆಯ ತುದಿಯಿಂದ ತೋರಿಸಿ, “ಇದು ಕಿಟಕಿ ಅಲ್ಲಮ್ಮ, ತೂತು” ಎಂದಿರಿ.

ಸೂಗಮ್ಮ ಸೆರಗು ಸರಿಮಾಡಿಕೊಂಡು, “ಗಾಳಿಗೇನು ಗೊತ್ತಾಗ್ತದ್ರೀ ಸಾಹೇಬ್ರ, ಕಬ್ಬಿಣ ಅದನೋ ಇಲ್ಲೋ? ಒಳಗ ಬರ್ರಿ, ಒಂದ್ ಗಳಿಗಿ ಕುಂತು ನೋಡ್ರಿ, ಹೆಂಗ ಬರಾಕತ್ತದ” ಎಂದಳು. ತಾವು ಕುಳಿತುಕೊಳ್ಳಲಿಲ್ಲ, ನೋಡಲೂ ಇಲ್ಲ. ನೋಟವಿಲ್ಲದ ಕಡೆ ನೋಟೀಸು ಬರುವುದು ಸಹಜ: ಕಾರ ಹುಣ್ಣಿಮೆಯೊಳಗೆ ಕಿಟಕಿ ತೋರಿಸಬೇಕು, ಇಲ್ಲದಿದ್ದರೆ ಮನೆ ಕೆಡವತಕ್ಕದ್ದು. ಮಳೆಗಾಲದ ಬಾಗಿಲಲ್ಲಿ, ಬಾಣಂತಿಯಾಗುವವಳ ತಲೆಯ ಮೇಲಿನ ಮಾಳಿಗೆಯನ್ನು ತೆಗೆಸುವ ಈ ಆರೋಗ್ಯಚಿಂತನೆಗೆ ಏನೆಂದು ಕೃತಜ್ಞತೆ ಹೇಳಲಿ? ಗಾಳಿ ಬೆಳಕು ಸಾಲದೆಂದು ತಾವು ಗೋಡೆಗಳನ್ನೇ ತೆಗೆಸುತ್ತಿದ್ದೀರಿ.

ಆದ್ದರಿಂದ ಮಾನ್ಯರಲ್ಲಿ ಬೇಡಿಕೊಳ್ಳುವುದೇನೆಂದರೆ, ಒಂದೋ ನಮ್ಮ ಕಿಟಕಿ ಕೊಡಿ. ಅದು ಆಗದಿದ್ದರೆ ಸೂಗಮ್ಮನ ಮನೆಯನ್ನು ತಮ್ಮ ಪಡಸಾಲೆಯ ಒಳಕೋಣೆಯೆಂದು ಕಾಗದದಲ್ಲಿ ತೋರಿಸಿ, ನಡುವೆ ಇರುವ ಅರ್ಧ ರಾಯಚೂರನ್ನು ಗೋಡೆಯ ದಪ್ಪವೆಂದು ಲೆಕ್ಕ ಹಿಡಿಯಿರಿ. ಅದೂ ಆಗದಿದ್ದರೆ ಗಾಳಿಗೇ ಒಂದು ನೋಟೀಸು ಹೊರಡಿಸಿ, ಕಬ್ಬಿಣ ಮುಟ್ಟದೆ ಯಾರ ಮನೆಯನ್ನೂ ಹೊಗಕೂಡದೆಂದು ತಾಕೀತು ಮಾಡಿ. ತಾವು ಬರೆದರೆ ಅದು ನಿಂತೀತು. ನನ್ನನ್ನು ಕೇಳಿದರೆ ಎಲ್ಲಕ್ಕಿಂತ ಯೋಗ್ಯವಾದ ದಾರಿ ತಮ್ಮ ಹುದ್ದೆಯನ್ನು ಆ ಕಿಟಕಿಗೇ ವಹಿಸಿಬಿಡುವುದು. ತಮಗಿಂತ ಹೆಚ್ಚು ಮನೆಗಳನ್ನು ಅದು ಒಳಗಿನಿಂದ ನೋಡಿದೆ. ಅದೂ ಲಂಚ ಮುಟ್ಟುವುದಿಲ್ಲ.

ಇದನ್ನೆಲ್ಲ ಬಹಿರಂಗವಾಗಿ ಬರೆದರೆ ಪಾಸಾದ ಮನೆಗಳೆಲ್ಲ ರದ್ದಾದಾವೆಂದು ಓಣಿಯ ಹಿರಿಯರು ಅಂಜಿದರು. ಅಂಜಬೇಡಿ ಎಂದು ನಾನೇ ಧೈರ್ಯ ಹೇಳಿದ್ದೇನೆ. ರದ್ದು ಮಾಡಬೇಕಾದರೆ, ಒಂದೇ ಬಾಗಿದ ಸರಳನ್ನು ಓಣಿಯ ತುಂಬ ಕಂಡೂ ಕಾಣದೆ ಹೊಗಳಿದೆನೆಂದು ತಾವೇ ತಮ್ಮ ಕೈಯಾರೆ ಬರೆಯಬೇಕಾಗುತ್ತದೆ. ಅಷ್ಟು ಪ್ರಾಮಾಣಿಕರು ತಾವಲ್ಲವೆಂಬ ಪೂರ್ಣ ನಂಬಿಕೆ ನಮಗಿದೆ.

ಕಣ್ಣಿರುವ ದಿನಗಳು ತಮಗೆ ಬರಲೆಂದು ಹಾರೈಸುವ,

ತಮ್ಮ ವಿಶ್ವಾಸಿ,
ಪ್ರಾಣೇಶ, ಬಿ.ಎ.
(ಕಿಟಕಿಯ ಮೂಲ ಒಡತಿಯ ಸೋದರಳಿಯ)

ಮರೆತ ಮಾತು: ಮೇಲಿನದನ್ನು ಬರೆದಿಟ್ಟು ಅಂಚೆಗೆ ಹಾಕುವಷ್ಟರಲ್ಲಿ ತಾವು ದೇವದುರ್ಗಕ್ಕೆ ದೌರಾ ಹೊರಟಿರೆಂದು ತಿಳಿಯಿತು, ಹಾಗೂ ಒಂದು ಸಣ್ಣ ವಿಷಯ ಗಮನಕ್ಕೆ ಬಂತು. ಗದ್ದೆಪ್ಪನಿಗೆ ಆ ಕಿಟಕಿಯನ್ನು ಗಚ್ಚು ಹಾಕಿ ಕಾಯಂ ಕೂಡಿಸಿ ರೂಢಿಯೇ ಇಲ್ಲ. ತಮ್ಮ ಮನೆಯಲ್ಲೂ ಅವನ ಕೈ ತನ್ನ ಪಾಡಿಗೆ ತಾನು ಬೆಣೆ ಬಡಿದು ಮಣ್ಣು ಮೆತ್ತಿ ಬಂದಿದೆ. ನಿನ್ನೆ ಮಧ್ಯಾಹ್ನ ಅವನು ತಮ್ಮ ಬಾಗಿಲಲ್ಲಿ ನಿಂತು, “ಕಿಟಕಿ ಪರೀಕ್ಷಾಕ್ಕ ಒಯ್ಯಬೇಕಾಗ್ಯಾದ್ರೀ ಯವ್ವಾ” ಎಂದು ಇದ್ದದ್ದನ್ನು ಇದ್ದಂತೆ ಹೇಳಿದ. ಪರೀಕ್ಷೆಯ ಹೆಸರು ಕೇಳಿದ ಮೇಲೆ ತಮ್ಮ ಮನೆಯವರು ಯಾಕೆ ಎಂದು ಕೇಳಲಿಲ್ಲ. ಮಜ್ಜಿಗೆ ಕೊಟ್ಟು ಕಳಿಸಿದರು. ಕಿಟಕಿ ಈಗ ಸೂಗಮ್ಮನ ಗೋಡೆಯಲ್ಲಿದೆ. ಹುಣ್ಣಿಮೆಗೆ ಇನ್ನೂ ದಿನವಿದೆ, ಪುಸ್ತಕದೊಂದಿಗೆ ದಯಮಾಡಿಸಬೇಕು. ತಮ್ಮ ಪಡಸಾಲೆಯಲ್ಲಿ ಉಳಿದಿರುವುದಕ್ಕೆ ಏನೆನ್ನಬೇಕೆಂದು ತಾವೇ ಸೂಗಮ್ಮನಿಗೆ ಹೇಳಿಕೊಟ್ಟಿದ್ದೀರಿ. ಮುಂದಿನ ಸರದಿ ಮಾನ್ವಿಯ ರಂಜಾನಬಿಯವರದು, ಅದರ ನಂತರ ತಮ್ಮದು. ಅಲ್ಲಿಯವರೆಗೆ ಅದರ ಮುಂದೆ ಒಂದು ಗಳಿಗೆ ಕುಳಿತು ನೋಡಿ; ಗಾಳಿ ಚೆನ್ನಾಗಿಯೇ ಬರುತ್ತದೆ.