ಅತ್ತೆಯ ಮೇಲೆ ನಾನು ಹೂಡದ ದಾವೆ

ನಿಜಾಮರ ಅದಾಲತ್ತಿನಲ್ಲಿ ಸೊಸೆಯಂದಿರ ಫಿರ್ಯಾದು ತೆಗೆದುಕೊಳ್ಳುವ ರಿವಾಜು ಇದ್ದಿದ್ದರೆ, ಔರಾದ ತಾಲೂಕಿನ ಮೊದಲ ದಾವೆ ನನ್ನದೇ ಆಗಿರುತ್ತಿತ್ತು. ಪ್ರತಿವಾದಿ ನನ್ನ ಅತ್ತೆ. ವಕೀಲರ ಹಂಗೂ ಬೇಕಿರಲಿಲ್ಲ, ವಾದವೆಲ್ಲ ನನಗೆ ಬಾಯಿಪಾಠವಾಗಿತ್ತು. ದಿನವೂ ನಸುಕಿನಲ್ಲಿ ಎಮ್ಮೆಯ ಹಿಂದೆ ನಿಂತು, ಅದೊಂದು ಮೂಕಪ್ರಾಣಿಗೇ ನನ್ನ ಗೋಳನ್ನೆಲ್ಲ ಹೇಳಿಕೊಳ್ಳುತ್ತಿದ್ದೆ. ಎಮ್ಮೆಯ ಹಿಂದೆ ಯಾಕೆ ನಿಂತಿದ್ದೆ ಅಂತೀರಾ? ಅದೇ ತಾನೇ ದಾವೆಯ ಮೂಲ!

ನಾನು ಬೀದರ ಶಹರದಲ್ಲಿ ಬೆಳೆದವಳು. ನಮ್ಮ ಗಲ್ಲಿಯಲ್ಲಿ ಮನೆಗೆ ಮನೆ ಅಂಟಿಕೊಂಡಿದ್ದವು. ಚಳಿ ನಮ್ಮ ಒಳಮನೆಗೆ ಬರಬೇಕೆಂದರೆ ಮೊದಲು ನಾಲ್ಕು ಮನೆಯವರನ್ನು ನಡುಗಿಸಿ ಬರಬೇಕು. ನನ್ನನ್ನು ಕೊಟ್ಟದ್ದು ಸಂತಪುರದಿಂದಾಚೆ ಬಂಡಿಯಲ್ಲಿ ಇನ್ನೂ ಎರಡು ತಾಸು ಹೋಗಬೇಕಾದ ಒಂದು ಹಳ್ಳಿಗೆ. ಸುತ್ತ ಬೋಳು ಬಯಲು. ಊರಿಗೆ ಮೊದಲ ಮನೆ ನಮ್ಮದೇ ಆದ್ದರಿಂದ ಬಯಲಿನ ಗಾಳಿಯೆಲ್ಲ ನಮ್ಮ ಗೋಡೆಗೇ ಬಡಿಯುತ್ತಿತ್ತು. ಪುಷ್ಯ ಮಾಸದಲ್ಲಿ ಗಡಿಗೆಯಿಂದ ತುಪ್ಪ ತೆಗೆಯಲು ನನ್ನ ಗಂಡ ಬಡಿಗರ ಮನೆಯಿಂದ ಉಳಿ ತಂದದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ನೀರಿಗೆ ಹಳ್ಳಕ್ಕೆ ಹೋಗಬೇಕು. ಆ ನೀರಿಗೆ ಕೈ ಹಾಕಿದರೆ ಕೈ ಇದೆಯೋ ಇಲ್ಲವೋ ಎಂದು ಎತ್ತಿ ನೋಡಿಕೊಳ್ಳಬೇಕು!

ಇಂಥ ಊರಿನಲ್ಲಿ ಚಳಿಯ ಮೇಲೆ ಹಗೆ ಸಾಧಿಸಿಕೊಂಡು ಬದುಕಿದವರು ನಮ್ಮತ್ತೆ. ಬೆಳಗ್ಗೆ ಬಾಗಿಲು ತೆರೆದವರೇ ಗಾಳಿಗೆ ಬೈಯುವರು: “ಬಂದೇನು ಮತ್ತ? ನಿನಗ ಬ್ಯಾರೆ ಮನಿ ಸಿಗಲಿಲ್ಲೇನು?” ಆಮೇಲೆ ಎರಡೂ ಕೈಗಳನ್ನು ಸೆರಗಿನೊಳಗೆ ಅಡಗಿಸಿಕೊಂಡು, ಪಡಸಾಲೆಯಲ್ಲಿ ನಿಂತು ಎಲ್ಲರಿಗೂ ಹುಕುಂ ಮಾಡುವರು. ಆ ಸೆರಗಿನೊಳಗಿನ ಕೈ ಕಂಡರೇ ನನಗೆ ಮೈ ಉರಿಯುತ್ತಿತ್ತು. ಏನು ದೌಲತ್ತು, ಏನು ಠೀವಿ! ಔರಾದಿನ ತಹಶೀಲದಾರರೂ ಹಾಗೆ ನಿಂತಿರಲಿಕ್ಕಿಲ್ಲ.

ಚಳಿಗೆ ಹಾಲು ಹೆಪ್ಪಾಗುವುದಿಲ್ಲ. ಊರವರೆಲ್ಲ ಗಡಿಗೆಯನ್ನು ಒಲೆಯ ಬೂದಿಯ ಪಕ್ಕ ಇಟ್ಟು ಸುಮ್ಮನಾಗುತ್ತಿದ್ದರು. ನಮ್ಮತ್ತೆ ಸುಮ್ಮನಾಗಬೇಕಲ್ಲ! ಒಂದು ದಿನ ಮಾವನವರ ಉದ್ದನೆಯ ರುಮಾಲನ್ನು ಗಡಿಗೆಗೆ ಸುತ್ತಿ, ಜೋಳದ ಚೀಲಗಳ ನಡುವೆ ಹುಗಿದಿಟ್ಟಿದ್ದರು. ಅವತ್ತೇ ಬೆಳಗ್ಗೆ ಕಂದಾಯದ ಗಿರ್ದಾವರ ಸಾಹೇಬರು ಚಾವಡಿಗೆ ಬಂದು ಮಾವನವರಿಗೆ ಕರೆ ಕಳಿಸಬೇಕೇ? ಬರಿದಲೆಯಲ್ಲಿ ಸರಕಾರಿ ಮನುಷ್ಯನ ಮುಂದೆ ನಿಲ್ಲುವುದೆಂದರೆ ಆ ಕಾಲಕ್ಕೆ ಧೋತರವಿಲ್ಲದೆ ನಿಂತಷ್ಟೇ ತಪ್ಪು. ಮಾವನವರು ಮನೆಯೆಲ್ಲ ಹುಡುಕಾಡಿ ಕೂಗಿದರು:

“ಏ, ನನ್ನ ರುಮಾಲ ಎಲ್ಲ್ಯದ?”

“ಕೆಲಸದಾಗ ಅದರಿ,” ಎಂದರು ಅತ್ತೆ.

“ಸಾಹೇಬ್ರು ಬಂದು ಕುಂತಾರ!”

“ಕುಂದ್ರಲಿ. ಮಸರು ಹೆಪ್ಪಾದ ಮ್ಯಾಲ ಬರ್ತೀನಂತ ಹೇಳಿ ಕಳಸ್ರಿ.”

ಕಡೆಗೆ ಮಾವನವರು ನನ್ನ ಗಂಡನ ರುಮಾಲನ್ನು ಕಿತ್ತು ಸುತ್ತಿಕೊಂಡು ಓಡಿದರು. ನನ್ನ ಗಂಡ ತಲೆಯ ಮೇಲೆ ಗೋಣಿಚೀಲದ ಕೊಪ್ಪೆ ಹಾಕಿಕೊಂಡು ಹೊಲಕ್ಕೆ ಹೋದರು. ಮೊಸರು ಮಾತ್ರ ಗಟ್ಟಿಯಾಗಿತ್ತು, ಅದನ್ನು ಒಪ್ಪಬೇಕು.

ಇದಕ್ಕೆ ನಾನೂ ನಕ್ಕಿದ್ದೆ. ನಗು ನಿಂತದ್ದು ಕೌದಿಯ ವಿಷಯದಲ್ಲಿ. ನಮ್ಮವ್ವ ತನ್ನ ಹಳೆಯ ಸೀರೆಗಳನ್ನೆಲ್ಲ ಕೂಡಿಸಿ, ಒಂದೊಂದೇ ಹೊಲಿಗೆ ಹಾಕಿ, ನನಗೆಂದು ಒಂದು ಕೌದಿ ಮಾಡಿ ಕೊಟ್ಟಿದ್ದಳು. ಒಂದು ಬೆಳಗ್ಗೆ ಕೊಟ್ಟಿಗೆಗೆ ಹೋಗಿ ನೋಡುತ್ತೇನೆ, ನನ್ನ ತವರಿನ ಕೌದಿಯನ್ನು ಎಮ್ಮೆ ಹೊದ್ದುಕೊಂಡು ಮೆಲುಕು ಹಾಕುತ್ತಿದೆ!

“ಅತ್ತಿ, ಅದು ನಮ್ಮವ್ವ ಹೊಲಿದ ಕೌದಿರಿ!”

“ಹೌದೇನು? ಛಲೋ ಹೊಲಿದಾಳ. ಎಮ್ಮಿ ಒಂದು ಸಲಾನೂ ನಡಗಿಲ್ಲ.”

ನಾನು ಹಲ್ಲು ಕಚ್ಚಿಕೊಂಡು ಎಮ್ಮೆಗೆ ಮೇವು ಹಾಕಿದೆ. ಹಾಗೆ ಕಚ್ಚಿ ಕಚ್ಚಿಯೇ ನನ್ನ ಹಲ್ಲು ಗಟ್ಟಿಯಾಗಿವೆ ಎಂದು ಈಗಲೂ ಅನ್ನಿಸುತ್ತದೆ.

ಆದರೆ ಕೊಡ! ಅದನ್ನು ಮಾತ್ರ ಮರೆಯಲಾರೆ. ನಮ್ಮ ಕಡೆ ಹೊಸ ಸೊಸೆ ತವರಿನ ತಾಮ್ರದ ಕೊಡ ಸೊಂಟದ ಮೇಲಿಟ್ಟುಕೊಂಡು ನೀರಿಗೆ ಹೋಗುವುದೆಂದರೆ ಅದೊಂದು ಮರ್ಯಾದೆ. ಹಳ್ಳದ ದಂಡೆಯಲ್ಲಿ ಹೆಂಗಸರು ಕೊಡ ನೋಡುತ್ತಾರೆ, ತವರು ಯಾವುದೆಂದು ಕೇಳುತ್ತಾರೆ, ಈಕೆ ಇನ್ನು ಈ ಊರಿನವಳು ಎಂದು ಒಪ್ಪುತ್ತಾರೆ. ನನ್ನ ಕೊಡ ಬೂದಿ ಹುಣಸೆ ಹಚ್ಚಿ ಬೆಳಗಿದ್ದು, ಮುಖ ಕಾಣುವಂಥದ್ದು. ಮೊದಲನೆಯ ದಿನ ಅದನ್ನೆತ್ತಿಕೊಂಡು ಹೊಸ್ತಿಲು ದಾಟುತ್ತಿದ್ದಂತೆ ಅತ್ತೆ ಬಂದು ಕಸಿದುಕೊಂಡರು.

“ಇಕಡಿ ತಾ. ಶಹರದಾಕಿ ನೀ, ಜಾರಿ ಬಿದ್ದು ಕೊಡಾ ನೆಗ್ಗಸ್ತಿ. ನಿನ್ನ ಕೆಲಸ ಎಮ್ಮಿ ಬಲ್ಯಾಕ ಅದ.”

ಎಮ್ಮೆಯ ಹತ್ತಿರ ನನ್ನ ಕೆಲಸವೇನೆಂದರೆ ಕುಳ್ಳು ತಟ್ಟುವುದು. ಊರಲ್ಲೆಲ್ಲ ಬಿಸಿಲೇರಿದ ಮೇಲೆ ತಟ್ಟುತ್ತಾರೆ. ನಮ್ಮ ಮನೆಯಲ್ಲಿ ನಸುಕಿನಲ್ಲೇ, ಎಮ್ಮೆ ಹಾಕಿದ ಕೂಡಲೇ ತಟ್ಟಬೇಕು! ನಿನ್ನೆಯದು ನಡೆಯುವುದಿಲ್ಲ, ಒಂದು ಗಳಿಗೆ ಹಿಂದಿನದೂ ನಡೆಯುವುದಿಲ್ಲ. ಅದಕ್ಕೇ ನಾನು ಬುಟ್ಟಿ ಹಿಡಿದು ಎಮ್ಮೆಯ ಮರ್ಜಿ ಕಾಯುತ್ತ ನಿಲ್ಲುತ್ತಿದ್ದೆ. ಸ್ವಲ್ಪ ತಡವಾದರೆ ಹೊರಗಿನಿಂದ ಕೂಗು: “ಸಗಣಿ ಆರ್ಲಾಕತ್ತದ, ಜಲ್ದಿ ಕೈ ಹಾಕು!” ಅದಾದ ಮೇಲೆ ಜೋಳ ಬೀಸುವುದು, ಆಮೇಲೆ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುವುದು. ಹಳ್ಳ, ನೀರು, ಪಾತ್ರೆ, ಅಂಗಳ ಒಂದನ್ನೂ ನನಗೆ ಮುಟ್ಟಗೊಡಲಿಲ್ಲ. ನಾಲ್ಕು ಜನರ ಕಣ್ಣಿಗೆ ಬೀಳುವ ಕೆಲಸವೆಲ್ಲ ಅವರಿಗೆ, ಸಗಣಿ ನನಗೆ! ನನ್ನ ಕೊಡ ಅವರ ಸೊಂಟದ ಮೇಲೆ ಹೋಗುವುದನ್ನು ಕೊಟ್ಟಿಗೆಯ ಕಿಂಡಿಯಿಂದ ನೋಡುತ್ತ, ನಾನು ಕುಳ್ಳನ್ನು ಗೋಡೆಗೆ ರಪ್ಪನೆ ಬಡಿಯುತ್ತಿದ್ದೆ. ಯಾರ ಮುಖ ನೆನೆದು ಬಡಿಯುತ್ತಿದ್ದೆ ಎಂದು ಬಾಯಿಬಿಟ್ಟು ಹೇಳಬೇಕೇ?

ಎಳ್ಳಮಾಸ್ಯೆ ಕಳೆದು ಒಂದು ವಾರಕ್ಕೆ ಅಣ್ಣ ನನ್ನನ್ನು ಕರೆಯಲು ಬಂದ. ಬಂಡಿ ಏರಿದವಳೇ ಹೇಳಿದೆ: “ಅಣ್ಣಾ, ನಾ ಇನ್ನ ಈ ಊರಿಗಿ ತಿರುಗಿ ಬರಲ್ಲ.” ಖರೆಯಾಗಿಯೇ ಹೇಳಿದ್ದೆ. ಅತ್ತೆ ಬಾಗಿಲಲ್ಲಿ ನಿಂತಿದ್ದರು, ಅದೇ ಸೆರಗಿನೊಳಗೆ ಕೈ. ಹೋಗಿ ಬಾ ಎಂದು ಕೈಯೆತ್ತಲೂ ಇಲ್ಲ.

ಬೀದರ ಮುಟ್ಟಿದ ಮರುದಿನ ನನ್ನ ಅದಾಲತ್ತು ಅವ್ವನ ಅಡುಗೆಮನೆಯಲ್ಲಿ ಸೇರಿತು. ಗಲ್ಲಿಯ ಹೆಂಗಸರೆಲ್ಲ ಹಾಜರು. ರುಮಾಲು, ಕೌದಿ, ಕೊಡ ಒಂದನ್ನೂ ಬಿಡಲಿಲ್ಲ. ಕಡೆಗೆ ಸಬೂತು ಬೇಕಲ್ಲ? “ಆ ಚಳ್ಯಾಗ ದುಡಿಸಿ ದುಡಿಸಿ ನನ್ನ ಕೈ ಏನ್ ಮಾಡ್ಯಾಳ ನೋಡ್ರಿ!” ಎಂದು ಎರಡೂ ಅಂಗೈ ಚಾಚಿದೆ.

ಅವ್ವ ನನ್ನ ಕೈ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದಳು. “ಎಲ್ಲ್ಯದ? ಒಂದು ಬಿರುಕೂ ಇಲ್ಲಲ್ಲ,” ಎಂದಳು. ತನ್ನ ಕೈ ಪಕ್ಕಕ್ಕಿಟ್ಟು ನೋಡಿಕೊಂಡಳು. ಶಹರದಲ್ಲಿದ್ದ ಅವಳ ಕೈಯೇ ಒಡೆದಿತ್ತು! ಆಮೇಲೆ ನಿಧಾನಕ್ಕೆ ಪಾಟೀಸವಾಲು ಹಾಕತೊಡಗಿದಳು.

“ನೀರು ಯಾರು ತರ್ತಾರ?”

“ಅತ್ತಿ.”

“ಪಾತ್ರಿ ತಿಕ್ಕೋದು?”

“ಅತ್ತಿ.”

“ಅಂಗಳ ಸಾರ್ಸೋದು?”

“ಅದೂ ಅತ್ತಿನೇ…” ನನ್ನ ದನಿ ಇಳಿಯತೊಡಗಿತ್ತು.

“ಹಂಗಾದ್ರ ನಿನಗ ಬೀಸೋದು, ಒಲಿ, ಸಗಣಿ. ಹೌದಿಲ್ಲೊ? ಈಗಿಂದೀಗ ಹಾಕಿದ ಸಗಣಿ ಕೈಗಿ ಹ್ಯಾಂಗಿರ್ತದವ್ವ?”

ನಾನು ತಲೆ ತಗ್ಗಿಸಿ ಹೇಳಿದೆ: “ಬೆಚ್ಚಗ.”

ಒಬ್ಬರೂ ನಗಲಿಲ್ಲ. ನಕ್ಕಿದ್ದರೆ ಒಳ್ಳೆಯದಿತ್ತು. ಹೆಂಗಸರೆಲ್ಲ ಒಬ್ಬೊಬ್ಬರಾಗಿ ಎದ್ದು ಹೋದರು, ಅಲ್ಲಿಗೆ ನನ್ನ ದಾವೆ ಖಾರಿಜಾಗಿ ಬಿದ್ದುಹೋಯಿತು. ನನಗೆ ಅತ್ತೆಯ ಮೇಲೆ ಹಿಂದೆಂದೂ ಬಾರದಷ್ಟು ಸಿಟ್ಟು ಬಂತು. ಒಂದು ಮಾತು ಹೇಳಿದ್ದರೆ ಇವರ ಗಂಟೇನು ಹೋಗುತ್ತಿತ್ತು? ತಿಂಗಳುಗಟ್ಟಲೆ ಗೋಡೆಗೆ ಅವರ ಮುಖವನ್ನು ಬಡಿದದ್ದನ್ನು ನಾನೀಗ ಯಾವ ಹಳ್ಳದಲ್ಲಿ ತೊಳೆದುಕೊಳ್ಳಬೇಕು?

ಮೂರನೆಯ ದಿನಕ್ಕೇ ಅಣ್ಣನನ್ನು ಕಾಡಿ ಬಂಡಿ ಕಟ್ಟಿಸಿದೆ. ಊರು ಸೇರಿದ ಮರುದಿನ ನಸುಕಿನಲ್ಲಿ, ಅತ್ತೆಗಿಂತ ಮೊದಲೇ ಎದ್ದು ಕೊಡ ಎತ್ತಿಕೊಂಡೆ. ಅವರು ಓಡಿ ಬಂದು ಅದರ ಕಂಠಕ್ಕೆ ಕೈ ಹಾಕಿದರು. ನಾನೂ ಬಿಡಲಿಲ್ಲ. ಹೊಸ್ತಿಲಲ್ಲಿ ಅತ್ತೆ ಸೊಸೆಯ ಜಗ್ಗಾಟ! ಸೆರಗು ಜಾರಿತು. ಅವರ ಕೈಗಳನ್ನು ನಾನು ಬೆಳಕಿನಲ್ಲಿ ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಬೆರಳಿನ ಗಂಟುಗಂಟೂ ಸೀಳಿತ್ತು, ಸೀಳಿನಲ್ಲಿ ಹರಳೆಣ್ಣೆ ಮೆತ್ತಿದ ಕಪ್ಪು, ಒಂದೆರಡು ಕಡೆ ಹಸಿ ರಕ್ತ.

“ಇದನ್ನ ಯಾಕ ಮುಚ್ಚಿಟ್ರಿ? ನನಗ್ಯಾಕ ಹೇಳಲಿಲ್ಲರಿ?” ಎಂದು ನಾನು ಅತ್ತೆಯ ಮೇಲೆ ರೇಗಿದೆ, ರೇಗುತ್ತಲೇ ಅತ್ತುಬಿಟ್ಟೆ.

“ಹೇಳಾದೇನದ ಅದ್ರಾಗ? ನಾ ಬಂದ ಮೂರನೇ ದಿನಕ್ಕೇ ನಮ್ಮತ್ತಿ ಕೈಯಾಗ ಕೊಡಾ ಕೊಟ್ಟಳು. ಅವತ್ತೇ ಹೋದ್ವು ಈ ಕೈ. ಮನ್ಯಾಗ ಕೆಟ್ಟ ಕೈ ಎರಡು ಇದ್ರ ಸಾಕು, ನಾಕು ಯಾಕ ಬೇಕು?” ಎಂದವರೇ ದನಿ ಏರಿಸಿದರು: “ಹೋಗು, ಸಗಣಿ ಆರ್ಲಾಕತ್ತದ!”

ನಾನು ಕೊಡ ಕೆಳಗಿಟ್ಟೆ. ಅವರ ಎರಡೂ ಮುಂಗೈ ಹಿಡಿದು ದರದರನೆ ಕೊಟ್ಟಿಗೆಗೆ ಎಳೆದುಕೊಂಡು ಹೋದೆ. ಅವ್ವನ ಕೌದಿ ಹೊದ್ದ ಎಮ್ಮೆ ಆಗಷ್ಟೇ ಹಾಕಿತ್ತು, ಹಬೆಯಾಡುತ್ತಿತ್ತು. ಕುಕ್ಕರಗಾಲಲ್ಲಿ ಕೂಡಿಸಿ, ಅವರ ಕೈಗಳನ್ನು ಅದರಲ್ಲಿ ಇಟ್ಟು ಮೇಲಿನಿಂದ ನನ್ನ ಕೈ ಒತ್ತಿದೆ.

“ಬಿಡ ಹುಡುಗಿ! ಹುಚ್ಚು ಹಿಡದದೇನು ನಿನಗ? ಉರಿತದ, ಬಿಡು!” ಎಂದು ಬಾಯಿಗೆ ಬಂದಂತೆ ಬೈದರು. ನಾನು ಕೈ ತೆಗೆದೆ. ಅವರು ಮಾತ್ರ ಬೈಯುತ್ತಲೇ ಇದ್ದರು, ಕೈ ತೆಗೆಯಲಿಲ್ಲ.